ಹೊರಟವರನ್ನು ಕೇಳಬಾರದ ಮಾತು

ಕೋಟ ಪಡುಕೆರೆ
12 ಜುಲೈ 2025

ವಿನಯಾಳ ಅಪ್ಪಯ್ಯನಿಗೆ, ವನಜ ಮಾಡುವ ನಮಸ್ಕಾರ.

ಫೋನು ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ ನಡುವಲ್ಲೇ ಕಟ್ ಮಾಡುತ್ತೀರಿ. ನಿಮ್ಮ ಬೋಟಿನ ಮಂಜ ಸೋಮವಾರ ಬಲೆ ರಿಪೇರಿಗೆಂದು ನೀವಿರುವ ರತ್ನಾಗಿರಿಗೆ ಮರಳುತ್ತಾನಂತೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಾಗದವನ್ನು ನಡುವಲ್ಲೇ ಕಟ್ ಮಾಡಲು ನಿಮ್ಮಿಂದಲೂ ಆಗದು. ಮಗಳು ವಿನಯಾ ಬೈಂದೂರಿನಲ್ಲಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ.

ನಾನೀಗ ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿಯ ಬಾಗಿಲಲ್ಲಿ ನನ್ನ ಭುಜದೆತ್ತರದ ಒಂದು ರೋಬೋಟ್ ಇದೆ. ಬಂದವರನ್ನು ಮಾತಾಡಿಸುವುದು ಅದರ ಕೆಲಸ. ಯಾರೋ ಬರೆದುಕೊಟ್ಟದ್ದನ್ನು ಒಪ್ಪಿಸುವುದಲ್ಲ. ಎದುರಿನವರ ಮಾತು ಕೇಳಿಸಿಕೊಂಡು ಎಐಯಿಂದ ತಾನೇ ಉತ್ತರ ಕಟ್ಟುತ್ತದಂತೆ. ಮೊದಮೊದಲು ಪಾಠ ಪುಸ್ತಕದ ಹಾಗೆ ಮಾತಾಡುತ್ತಿತ್ತು. ಆಮೇಲೆ ಕಂಪನಿಯ ಸುಧೀರ್ ಎಂಬವರು ನಮ್ಮನ್ನೆಲ್ಲ ಅದರ ಮುಂದೆ ಕೂರಿಸಿ ಮಾತಾಡಿಸಿದರು. ವಾರ ಕಳೆಯುವುದರೊಳಗೆ ಅದಕ್ಕೆ ನಮ್ಮ ಕುಂದಾಪ್ರ ಭಾಷೆ ಬಂತು, ಬುದ್ಧಿ ಮಾತ್ರ ಬರಲಿಲ್ಲ. ಹೊರಗೆ ಹೋಗುವವರನ್ನೆಲ್ಲ ನಿಲ್ಲಿಸಿ, ‘ಹ್ವಾಯ್, ಎಲ್ಲಿಗೆ ಹೋಪ್ದ್?’ ಎಂದು ಕೇಳತೊಡಗಿತು.

ಗಂಗೊಳ್ಳಿಯ ಚಂದಯ್ಯನವರು ಮಣಿಪಾಲಕ್ಕೆ ಆಪರೇಷನ್ನಿಗೆಂದು ಹೊರಟಿದ್ದರು. ಇದು ಕೇಳಿದ್ದೇ ತಡ, ಅವರು ಮುಖ ಕಪ್ಪಿಟ್ಟು ಹಿಂದೆ ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ನೀರು ಕುಡಿಸಿದ್ದಾಯಿತು, ಡಾಕ್ಟರು ಬಂದು ಹೇಳಿದ್ದೂ ಆಯಿತು. ಇವತ್ತು ಹೋಗುವುದಿಲ್ಲವೆಂದು ಹಟ ಹಿಡಿದರು. ಸುಧೀರ್ ಕಕ್ಕಾಬಿಕ್ಕಿಯಾಗಿ ನನ್ನನ್ನು ಕೇಳಿದರು. ಕಡಲಿಗಾಗಲಿ ಊರಿಗಾಗಲಿ, ಹೊರಟು ನಿಂತವರನ್ನು ಎಲ್ಲಿಗೆಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ನಮ್ಮಲ್ಲಿ ಯಾರೂ ಕೇಳುವುದಿಲ್ಲ ಎಂದು ನಾನೇ ವಿವರಿಸಿದೆ. ಮಾರನೆಯ ದಿನದಿಂದ ಅದು ಕೇಳುವುದು ಬಿಟ್ಟು, ಎಲ್ಲರನ್ನೂ ‘ನಿಧಾನ ಹೋಯಿನಿ’ ಎಂದು ಕಳಿಸತೊಡಗಿತು.

ನನಗೂ ಅಷ್ಟೇ ಅಂದಿತು. ಅಲ್ಲಿಯವರೆಗೆ ಸಂಜೆ ನಾನು ಹೊರಡುವಾಗ ಎಲ್ಲಿಗೆಂದು ಕೇಳಿ, ಉತ್ತರಕ್ಕೆ ಕಾಯುತ್ತಿತ್ತು. ಮೀನು ಪೇಟೆಗೆ, ಅಲ್ಲಿಂದ ಬಸ್ಸಿಗೆ ಎಂದರೆ, ಇವತ್ತು ಎಂತ ಮೀನು ಎಂದು ವಿಚಾರಿಸುತ್ತಿತ್ತು. ಅಪಶಕುನವೆಂದು ಗೊತ್ತಿದ್ದೂ ನನಗೆ ಹಿತವಾಗುತ್ತಿತ್ತು. ನೀವು ಹೋದ ಮೇಲೆ ನಾನು ಎಲ್ಲಿ ಹೋದೆ, ಎಷ್ಟೊತ್ತಿಗೆ ಬಂದೆ ಎಂದು ಕೇಳಿದವರು ಬೇರೆ ಯಾರೂ ಇಲ್ಲ. ಕೇಳಿದ್ದು ಯಂತ್ರ ಎನ್ನುವುದು ನನಗೂ ಗೊತ್ತು, ನಗಬೇಡಿ.

ಹೋದ ವಾರ ಮಂಜ ಮನೆಗೆ ಬಂದಿದ್ದ. ಮಳೆಗಾಲದ ರಜೆ ಮುಗಿದು ಬೋಟು ಕಡಲಿಗಿಳಿಯುವಾಗ ನೀವು ಹೊಸ ಧಣಿಯ ಜತೆ ಗುಜರಾತಿನ ವೆರಾವಲಿಗೆ ಹೋಗಿ ಅಲ್ಲೇ ನಿಲ್ಲುತ್ತೀರಂತೆ. ಮನೆಗೊಮ್ಮೆ ಹೋಗಿ ಬಾ ಎಂದು ಅವನು ಅಂದದ್ದಕ್ಕೆ ನೀವು ಹೇಳಿದಿರಂತೆ: ‘ಬ್ಯಾಗ್ ಹಿಡ್ಕಂಡ್ ಹೊರ್ಟಾಗ ಎಲ್ಲಿಗೆ ಅಂತೇಳಿ ಒಂದ್ ಮಾತ್ ಕೇಣ್ಲಿಲ್ಲ ಅವ್ಳ್.’

ಕೇಳಿ ನನಗೆ ಮೈಯೆಲ್ಲ ಉರಿಯಿತು. ಹುಟ್ಟಿದಂದಿನಿಂದ ಕಡಲ ಮೇಲೆ ಬದುಕಿದವರು ನೀವು. ಅಷ್ಟು ಜಗಳವಾದ ಮೇಲೂ, ನಿಮ್ಮ ದಾರಿಗೆ ಕೆಡುಕಾಗದಿರಲಿ ಎಂದು ಬಾಗಿಲ ಪಟ್ಟಿ ಹಿಡಿದು ಬಾಯಿ ಮುಚ್ಚಿ ನಿಂತಿದ್ದೆ. ಅದನ್ನು ಬೇಡವಾದ ಹೆಂಡತಿಯ ಮೌನ ಎಂದುಕೊಂಡಿರಾ?

ಈಗ ಕೇಳುತ್ತೇನೆ. ಎಲ್ಲಾದರೂ ಹೊರಟು ನಿಂತಿದ್ದರೆ ಈ ಕಾಗದ ಮಡಚಿಡಿ. ಕುಳಿತಾಗ, ಉಂಡಾದ ಮೇಲೆ ಓದಿ. ಎಲ್ಲಿಗೆ ಹೋಗುತ್ತೀರಿ? ವೆರಾವಲಿಗೋ, ಮನೆಗೋ? ಮನೆಗೆ ಬನ್ನಿ ಎಂದು ನನ್ನ ಆಸೆ. ಬರುವುದಿಲ್ಲವಾದರೆ ಅದನ್ನಾದರೂ ನೀವೇ ತಿಳಿಸಿ, ಮಂಜನ ಬಾಯಲ್ಲಿ ಬೇಡ. ನನ್ನ ಚಿಂತೆ ಮಾಡಬೇಡಿ, ಸಂಜೆ ನಾಲ್ಕು ಮಾತಿಗೆ ಆ ರೋಬೋಟ್ ಇದ್ದೇ ಇದೆ.

ನಿಮ್ಮ
ವನಜ

ಮರೆತ ಮಾತು: ರೋಬೋಟ್ ಇದೆ ಎಂದು ಬರೆದದ್ದು ಸುಳ್ಳು. ಹೋದ ತಿಂಗಳೇ ಅದನ್ನು ಬಿಚ್ಚಿ ಕೊಂಡುಹೋದರು. ಇನ್ನೊಂದು, ಮನೆಯಲ್ಲಿ ಯಾರಿದ್ದಾರೆಂದು ಅದು ಕೇಳಿದಾಗ ನೀವಿದ್ದೀರಿ ಎಂದಿದ್ದೆ, ನಿಮ್ಮ ಆ ಹಳೆಯ ಬೆನ್ನುನೋವಿನಿಂದ ಕಡಲಿಗೆ ಹೋಗದೆ ಕುಳಿತಿದ್ದೀರಿ ಎಂದೂ ಹೇಳಿದ್ದೆ. ಆಮೇಲೆ ದಿನಾ ನಿಮ್ಮ ಬೆನ್ನುನೋವು ಹೇಗಿದೆಯೆಂದು ವಿಚಾರಿಸುತ್ತಿತ್ತು. ಈಗ ಕಡಿಮೆ ಎನ್ನುತ್ತಿದ್ದೆ. ನಿಜವಾಗಿ ಹೇಗಿದೆ?