ಮುಕ್ಕಾದ ನಾಲ್ಕು

ತಮ್ಮಾ ಗುರಪ್ಪ,

ನಿನ್ನನ್ನು ಚಕ್ಕಡಿಯಲ್ಲಿ ನಮ್ಮೂರು ಸೋನ್ಯಾಳಕ್ಕೆ ತಂದ ಮಧ್ಯಾಹ್ನ, ಅವ್ವ ನಿನ್ನ ಎದೆಯಲ್ಲಿನ ಗುಂಡಿನ ತೂತಿಗೆ ಸೆರಗು ತುರುಕಿ ರಕ್ತ ನಿಲ್ಲಿಸಲು ನೋಡುತ್ತಿದ್ದಳು. ನಿನ್ನ ಮೈ ಆಗಲೇ ತಣ್ಣಗಾಗಿತ್ತು. ಅದನ್ನು ಅವಳಿಗೆ ಯಾರು ಹೇಳಬೇಕಿತ್ತು?

ಆ ಸಂಜೆಯೇ ಊರು ದಸ್ತಗೀರಸಾಬನ ಮನೆಗೆ ನುಗ್ಗಿತು. ಎತ್ತಿನ ವ್ಯವಹಾರದಲ್ಲಿ ನೀವಿಬ್ಬರೂ ಜತ್ತದ ಸಂತೆಯಲ್ಲಿ ಬಡಿದಾಡಿದ್ದನ್ನು ಎಲ್ಲರೂ ನೋಡಿದ್ದರಲ್ಲ. ಅವನನ್ನು ಚಾವಡಿಗೆ ಎಳೆತಂದು, ಬಲಗೈಯನ್ನು ಕಲ್ಲಿನ ಮೇಲಿಟ್ಟು ಒನಕೆಯಿಂದ ಜಜ್ಜಿದರು. "ನಾ ಹೊಡದಿಲ್ರಿ, ಮಕ್ಕಳ ಆಣಿ!" ಎಂದು ಒದರುತ್ತಲೇ ಇದ್ದ. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ಪೊಲೀಸರು ಬಂದು ಅವನನ್ನೇ ಹಿಡಿದುಕೊಂಡು ಹೋದರು.

ಆಮೇಲೆ ಹಳ್ಳದಲ್ಲಿ ರಿವಾಲ್ವರ್ ಸಿಕ್ಕಿತು. ಲಡಾಯಿಯಲ್ಲಿ ನಾನು ಪಲ್ಟಣದ ಬಂದೂಕು ರಿಪೇರಿ ಮಾಡುತ್ತಿದ್ದವನಲ್ಲವೇ, ಪೊಲೀಸ್ ಫೌಜದಾರರು ಜತ್ತಕ್ಕೆ ಕರೆಸಿದರು. "ಇದು ಎಲ್ಲೀದು, ನೋಡಿ ಹೇಳ್ರಿ" ಎಂದರು. ಮೈಮೇಲೆ ಬಾಣದ ಗುರುತು: ಸರ್ಕಾರದ ಮಾಲು. ಹೊರಗೆ ಮಾರಿದ್ದರೆ ಎರಡು ಬಾಣಗಳನ್ನು ಮೂತಿಗೆ ಮೂತಿ ಹಚ್ಚಿ ಒತ್ತುತ್ತಾರೆ; ಇಲ್ಲಿದ್ದದ್ದು ಒಂದೇ. ಅಂದರೆ ಸೈನ್ಯದಿಂದ ಕದ್ದದ್ದು. ಹಿಡಿಕೆಯ ಬಳಿ, ನಳಿಗೆಯ ಮೇಲೆ ನಂಬರನ್ನು ಅರದಿಂದ ಉಜ್ಜಿ ಅಳಿಸಿದ್ದರು. ಗುಂಡು ತುಂಬುವ ತಿರುಗಣಿಯ ಮೇಲಿನದು ಮಾತ್ರ ಉಳಿದಿತ್ತು, ಅದರಲ್ಲೊಂದು ನಾಲ್ಕರ ಬಾಲ ಮುಕ್ಕಾಗಿತ್ತು. ಬರ್ಮಾದಲ್ಲಿ ಹೊಸ ತಿರುಗಣಿ ಕೂಡಿಸಿ, ಮುರಿದ ಅಚ್ಚಿನಿಂದ ಆ ಅಂಕಿ ಹೊಡೆದವನು ನಾನೇ. ಹೊಡೆದು ಕೊಟ್ಟದ್ದು ನಮ್ಮ ಪಲ್ಟಣದ ಜಮಾದಾರನ ಕೈಗೆ... ನಿನ್ನಕ್ಕ ನೀಲವ್ವನ ಗಂಡ ಈರಪ್ಪನ ಕೈಗೆ. ಹೊಳೆ ದಾಟುವಾಗ ಕಳೆಯಿತೆಂದು ಆಗ ಹೇಳಿದ್ದ.

"ನಾಳೆ ಹೇಳ್ತೀನ್ರಿ ಸಾಹೇಬ್ರ" ಎಂದು ಎದ್ದವನು ನೇರ ನೀಲವ್ವನ ಗಂಡನ ಮನೆಗೆ, ಅಸಂಗಿಗೆ ಹೋದೆ. ಈರಪ್ಪ ಹೊಲದಲ್ಲಿದ್ದ. ನಿನ್ನಕ್ಕನ ಬಾಯಲ್ಲಿ ಮುಂದಿನ ಹಲ್ಲುಗಳೇ ಇರಲಿಲ್ಲ.

"ನೀಲಾ, ನಾ ಬಾಯಿ ಬಿಟ್ರ ನಿನ್ನ ಗಂಡಗ ಫಾಶಿ ಆಗ್ತದ."

"ಬಿಡದಿದ್ರ ದಸ್ತಗೀರಸಾಬಗ ಆಗ್ತದಲ್ಲಣ್ಣಾ" ಎಂದಳು. "ಇಂವ ನನ್ನ ಕೈ ಮುರದಿದ್ದ. ಗುರಪ್ಪಗ ಹೆಂಗೋ ತಿಳೀತು. ಬಂದು ಇವನ್ನ ಪಡಸಾಲ್ಯಾಗ ಕೆರದಲೇ ಬಡದಾ. ನಾಳೆ ಬಂದು ಕರಕೊಂಡು ಹೋಗ್ತೀನಿ ಅಂತ ಹೊಂಟಾ. ಇಂವ ಜ್ವಾಳದ ಚೀಲದಾಗಿಂದ ಪಿಸ್ತೂಲು ತಗದು ಬೆನ್ನು ಹತ್ತಿದಾ. ಕೂಗಾಕ ಬಾಯಿ ತಗದೆ, ಅದರ ಹಿಡಕಿಲೇ ಬಾಯಿಗೆ ಹೊಡದಾ."

ನೀನು ಅಸಂಗಿಗೆ ಹೋದದ್ದೇ ನಮಗೆ ಗೊತ್ತಿರಲಿಲ್ಲ ಗುರಪ್ಪ. ನನಗೊಂದು ಮಾತು ಹೇಳಿದ್ದರೆ...

ನಾನು ಫೌಜದಾರರಿಗೆ ಹೇಳಿದೆ. ನೀಲವ್ವನೂ ಕೋರ್ಟಿನಲ್ಲಿ, ಅವನ ಎದುರಿಗೇ ನಿಂತು ಹೇಳಿದಳು. ದಸ್ತಗೀರಸಾಬ ಬಿಡುಗಡೆಯಾಗಿ ಬಂದ. ಆ ಕೈಗೆ ಇನ್ನು ಎತ್ತಿನ ಹಗ್ಗ ಹಿಡಿಯಲು ಬಾರದು. ನಮ್ಮ ಮನೆ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾನೆ. ತಿರುಗಿಸದೆ ಏನು ಮಾಡಿಯಾನು?

ಎಷ್ಟು ಕರೆದರೂ ನೀಲವ್ವ ನಮ್ಮಲ್ಲಿಗೆ ಬರಲಿಲ್ಲ. "ಅಂವಂದು ಮುಗಿಯೂತನಾ ಇಲ್ಲೇ ಇರ್ತೀನಿ" ಎಂದುಬಿಟ್ಟಳು. ಈಗ ಮುಗಿಯಿತು. ಈರಪ್ಪನನ್ನು ಜೈಲಿನಲ್ಲಿ ಫಾಶಿಗೆ ಏರಿಸಿದರು. ಅವನ ಕಡೆಯವರು ಯಾರೂ ಹೆಣ ತರಲು ಒಪ್ಪಲಿಲ್ಲವಂತೆ. "ಅಣ್ಣಾ, ನೀ ಹೋಗ್ತೀಯೇನು?" ಎಂದು ಕೇಳಿಕಳಿಸಿದ್ದಾಳೆ.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ಹೊರಟಿದ್ದೇನೆ. ಅವನನ್ನು ಅಸಂಗಿಯಲ್ಲಿ ಮಣ್ಣು ಮಾಡಿ, ಬರುವಾಗ ಅಕ್ಕನನ್ನು ಮನೆಗೆ ಕರೆತರುತ್ತೇನೆ.

ನಿನ್ನ ಅಣ್ಣ,
ಮಲ್ಲಪ್ಪ