ಗವರ್ನರನ ಚೀಟಿ

ಕನೆಕ್ಟಿಕಟ್, ೧೭೬೮ ಮೇ ೧೪, ಶನಿವಾರ

ಪ್ರತಿ ವರ್ಷದ ಪದ್ಧತಿಯಂತೆ, ಒಡೆಯರ ಒಪ್ಪಿಗೆ ಪಡೆದು, ನಾವು ಗುಲಾಮರೆಲ್ಲ ಸೇರಿ ಇವತ್ತು ನನ್ನ ಗಂಡ ಕ್ವಾಕೊನನ್ನು ಕರಿಯರ ಗವರ್ನರನಾಗಿ ಆರಿಸಿದೆವು. ಕುದುರೆ, ಕತ್ತಿ, ಟೋಪಿ ಎಲ್ಲ ಒಡೆಯ ಲೂಮಿಸರದು. ಬೆವರು ಮಾತ್ರ ಇವನದು. ಒಡೆಯರು ನಗುತ್ತ ಇವನಿಗೆ ತಲೆಬಾಗಿ, ಅಪ್ಪಣೆ ಚೀಟಿ ಬರೆದುಕೊಡುವುದನ್ನು ಮರೆತು ಮನೆಗೆ ಹೋಗಿಬಿಟ್ಟರು. ರಾತ್ರಿ ಒಂಬತ್ತರ ನಂತರ ಚೀಟಿಯಿಲ್ಲದೆ ಬೀದಿಯಲ್ಲಿ ಸಿಕ್ಕ ಗುಲಾಮನಿಗೆ ಚಾಟಿಯೇಟು.

ಗೆಲುವಿನ ಔತಣದ ನಡುವೆ ಒಂಬತ್ತರ ಗಂಟೆ ಹೊಡೆಯಿತು. ಗವರ್ನರ್ ಕತ್ತಿಸಮೇತ ಮೇಜಿನ ಕೆಳಗೆ ನುಗ್ಗಿದ.

"ಹೊರಗೆ ಬನ್ನಿ ದೊರೆ, ಪ್ರಜೆಗಳು ನೋಡ್ತಾರೆ," ಅಂದೆ.

"ಪ್ರಜೆಗಳೂ ಇಲ್ಲೇ ಇದಾರೆ ಕಣೇ. ಜಾಗ ಸಾಲ್ತಿಲ್ಲ."

ಬೈಬಲ್ ಓದಲೆಂದು ಒಡತಿ ಕಲಿಸಿದ ಅಕ್ಷರ ಕೆಲಸಕ್ಕೆ ಬಂತು. 'ಗವರ್ನರನನ್ನೂ ಪರಿವಾರವನ್ನೂ ಬಿಡುವುದು' ಎಂದು ಬರೆದು, ಒಡೆಯರ ರುಜುವನ್ನೂ ನಾನೇ ಹಾಕಿದೆ. ಬೀದಿಯಲ್ಲಿ ನಮ್ಮನ್ನು ತಡೆದ ಕಾವಲಿನವನು ಅದನ್ನು ಓದಿ ಸಲಾಮು ಹೊಡೆದ.

ಗವರ್ನರ್ ಈಗ ಬೂಟು ಕಳಚದೆ ಗೊರಕೆ ಹೊಡೆಯುತ್ತಿದ್ದಾನೆ. ನಾನು ಊರು ದಾಟಲು ಇನ್ನೆರಡು ಚೀಟಿ ಬರೆದಿಟ್ಟಿದ್ದೇನೆ, ಅವನಿಗೊಂದು, ನನಗೊಂದು. ತಾರೀಖು ಮಾತ್ರ ಹಾಕಿಲ್ಲ.