‘ಎನ್ನಲಾಗಿದೆ’ ಎಂದವರು ಯಾರು?

ಪ್ರಧಾನ ಸಂಪಾದಕರೇ,

ಹೋದ ಮಂಗಳವಾರ ನಿಮ್ಮ ಪತ್ರಿಕೆ ಮೂರನೇ ಪುಟದಲ್ಲಿ ನನ್ನ ತಂಗಿಯನ್ನು ಒಂದು ರಾಜಕೀಯ ಪಕ್ಷಕ್ಕೆ ಸೇರಿಸಿಬಿಟ್ಟಿತು. ಅವಳು ಅರ್ಜಿ ಹಾಕಿರಲಿಲ್ಲ. ಆ ಪಕ್ಷದವರೂ ಕರೆದಿರಲಿಲ್ಲ. ಇಬ್ಬರಿಗೂ ಗೊತ್ತಿಲ್ಲದ ಈ ಸೇರ್ಪಡೆಯಿಂದಾಗಿ ಬರುವ ಶುಕ್ರವಾರ ಅವಳ ಕೆಲಸ ಹೋಗುವುದರಲ್ಲಿದೆ. ಆದ್ದರಿಂದ ಮಾನ್ಯರೇ, ಮಹನೀಯರೇ ಎಂಬ ಪೀಠಿಕೆಯೆಲ್ಲ ಬೇಡ. ಅಷ್ಟು ಮರ್ಯಾದೆ ನನ್ನಲ್ಲಿ ಈಗ ಉಳಿದೂ ಇಲ್ಲ.

ನಡೆದದ್ದು ಇಷ್ಟು. ತಂಗಿ ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆ ನರ್ಸ್. ಸೋಮವಾರ ಅಲ್ಲಿ ಹೊಸ ವಾರ್ಡ್ ಉದ್ಘಾಟನೆಗೆ ಸಚಿವರು ಬಂದರು. ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು, “ಏನಾದ್ರೂ ತೊಂದರೆ ಇದ್ರೆ ಹೇಳಿ” ಎಂದು ಸಿಬ್ಬಂದಿಯನ್ನು ಕೇಳಿದರು. ಅದು ಕೇಳಬೇಕಲ್ಲ ಎಂದು ಕೇಳುವ ಮಾತು ಅಂತ ಉಳಿದವರಿಗೆಲ್ಲ ಗೊತ್ತಿತ್ತು. ನಮ್ಮವಳಿಗೆ ಗೊತ್ತಾಗಲಿಲ್ಲ. “ಸಾರ್, ವಾರ್ಡು ಮೂರನೇ ಮಹಡೀಲಿದೆ. ಲಿಫ್ಟ್ ಕೆಟ್ಟು ನಾಲ್ಕು ತಿಂಗಳಾಯ್ತು. ಪೇಷೆಂಟ್‌ಗಳನ್ನ ಮೆಟ್ಟಿಲ ಮೇಲೆ ಹೊತ್ಕೊಂಡು ಹೋಗ್ತಿದ್ದೀವಿ. ಯಾವಾಗ ಸರಿ ಮಾಡಿಸ್ತೀರಿ?” ಎಂದಳು. ಸಚಿವರು ಮುಖ ಗಂಟಿಕ್ಕಿಕೊಂಡು ಹೊರಟರು. ಅವರೂ ಮೆಟ್ಟಿಲಿಳಿದೇ ಹೋಗಬೇಕಾಯಿತು ಅನ್ನಿ.

ಮರುದಿನ ನಿಮ್ಮ ಶೀರ್ಷಿಕೆ: ‘ಸಚಿವರ ಸಮಾರಂಭದಲ್ಲಿ ಹೈಡ್ರಾಮಾ’. ಒಟ್ಟು ನಲವತ್ತೆರಡು ಸಾಲು. ಸಚಿವರು ಸಿಡಿಮಿಡಿಗೊಂಡದ್ದಕ್ಕೆ ಐದು ಸಾಲು. ಇದರಿಂದ ಅವರ ಬಣಕ್ಕೆ ಹಿನ್ನಡೆಯೇ, ಎದುರು ಬಣಕ್ಕೆ ಬಲವೇ, ಸಂಪುಟ ಪುನಾರಚನೆಯಲ್ಲಿ ಯಾರ ಕುರ್ಚಿ ಅಲುಗೀತು ಎಂಬುದಕ್ಕೆ ಮೂವತ್ತು ಚಿಲ್ಲರೆ ಸಾಲು. ಬೆರಳಿಟ್ಟುಕೊಂಡು ಹುಡುಕಿದೆ. ಲಿಫ್ಟ್ ಎಂಬ ಪದ ಒಂದೇ ಒಂದು ಕಡೆಯೂ ಇಲ್ಲ! ಕೊನೆಯಲ್ಲಿ ಮಾತ್ರ ಹೀಗಿತ್ತು: ‘ಪ್ರಶ್ನಿಸಿದ ನರ್ಸ್ ವಿರೋಧ ಪಕ್ಷದ ಸಕ್ರಿಯ ಕಾರ್ಯಕರ್ತೆ ಎನ್ನಲಾಗಿದೆ.’

ಯಾರು ಸ್ವಾಮಿ ಅಂದದ್ದು? ಯಾರಿಗೆ ವೋಟು ಹಾಕಿದೆ ಎಂದು ಗಂಡನಿಗೂ ಬಾಯಿಬಿಡದವಳು ಸಕ್ರಿಯ ಕಾರ್ಯಕರ್ತೆಯಾದದ್ದು ಯಾವ ಗಳಿಗೆಯಲ್ಲಿ? ಎದುರಿಗೇ ನಿಂತಿದ್ದವಳನ್ನು ಒಂದು ಮಾತು ಕೇಳಲು ನಿಮ್ಮವರಿಗೆ ಏನಾಗಿತ್ತು? ಬುಧವಾರ ಆಸ್ಪತ್ರೆಯಿಂದ ಅವಳಿಗೆ ನೋಟಿಸ್ ಬಂತು: ಬರುವ ಶುಕ್ರವಾರ ವಿಚಾರಣಾ ಸಮಿತಿಯ ಮುಂದೆ ಹಾಜರಾಗಬೇಕು. ರಾಜಕೀಯ ಚಟುವಟಿಕೆಯಲ್ಲಿ ತೊಡಗಿದ ಗುತ್ತಿಗೆ ನೌಕರರನ್ನು ತೆಗೆದುಹಾಕಬಹುದಂತೆ. ಸಾಕ್ಷ್ಯಾಧಾರ ಎಂಬ ಜಾಗದಲ್ಲಿ ನಿಮ್ಮ ಪತ್ರಿಕೆಯ ತುಣುಕನ್ನು ಪಿನ್ ಹೊಡೆದಿದ್ದರು. ‘ಎನ್ನಲಾಗಿದೆ’ ಎಂಬುದು ನೋಟಿಸಿಗೆ ಬರುವಾಗ ಉದುರಿಹೋಗಿ ‘ಆಗಿರುತ್ತಾರೆ’ ಎಂದಾಗಿತ್ತು.

ತಂಗಿ ಆಗಲೂ ಗಾಬರಿಯಾಗಲಿಲ್ಲ. “ಅಣ್ಣಾ, ನೀನಿದ್ದ ಪೇಪರ್ ತಾನೇ? ಒಂದು ಫೋನ್ ಮಾಡಿದ್ರೆ ಸರಿ ಮಾಡ್ತಾರೆ ಬಿಡು” ಎಂದು ನನಗೇ ಸಮಾಧಾನ ಹೇಳಿದಳು. ಅಷ್ಟು ನಂಬಿಕೆ. ಆ ನಂಬಿಕೆ ಅವಳಲ್ಲಿ ಹುಟ್ಟಿಸಿದವನೂ ನಾನೇ. ಇಪ್ಪತ್ತೆಂಟು ವರ್ಷ ನಿಮ್ಮ ಸುದ್ದಿಮನೆಯಲ್ಲಿ ಕೂತು, ಮನೆಗೆ ಬಂದು ಅದರ ಬಗ್ಗೆಯೇ ಕೊರೆದು ಕೊರೆದು ಅವಳ ತಲೆ ತಿಂದವನು ನಾನು.

ಫೋನ್ ಮಾಡಿದೆ. ನೀವೇ ತೆಗೆದಿರಿ. ನೀವು ಆಡಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ. ಉಲ್ಲೇಖ ಚಿಹ್ನೆ ಹಾಕಿದ ಮೇಲೆ ಒಂದಕ್ಷರ ಬದಲಿಸಬಾರದೆಂಬುದು ನಮ್ಮ ಕಾಲದ ರೂಢಿ. “ವರದಿಗಾರ ಸಚಿವರ ಪಿಎ ಹೇಳಿದ್ರು ಅಂತಾನೇ ಬರೆದಿದ್ದ ಸಾರ್. ನಾನೇ ತೆಗೆಸಿದೆ. ಬೆಳಗಾದ್ರೆ ನಮ್ಮೋರು ಸುದ್ದಿಗೆ ಅವರ ಬಾಗಿಲಿಗೇ ಹೋಗ್ಬೇಕಲ್ವಾ? ಅದೂ ಅಲ್ದೆ ನಾವು ಹೇಳಿಲ್ಲ, ಎನ್ನಲಾಗಿದೆ ಅಂತ ಹಾಕಿದ್ದೀವಿ. ಏನೂ ತೊಂದರೆ ಇಲ್ಲ, ನಾವು ಸೇಫ್.” ನೀವು ಸೇಫ್. ಪಿಎ ಸೇಫ್. ಸಚಿವರಂತೂ ಯಾವತ್ತೂ ಸೇಫ್. ಕೆಟ್ಟ ಲಿಫ್ಟ್ ಕೂಡ ಇದ್ದಲ್ಲೇ ಸೇಫ್. ಬೀದಿಗೆ ಬೀಳುವವಳು ಒಬ್ಬಳೇ.

ಗುಟ್ಟು ಹೇಳಿದ ಬಡಪಾಯಿಯನ್ನು ಕಾಪಾಡಲು ನಾವು ಹೆಸರು ಮುಚ್ಚಿಡುತ್ತಿದ್ದೆವು. ಅಧಿಕಾರದಲ್ಲಿ ಕೂತವನ ಚಾಡಿಗೆ ಮುಸುಕು ಹಾಕುವುದನ್ನು ಪತ್ರಿಕಾಧರ್ಮ ಎಂದು ಯಾವಾಗಿನಿಂದ ಕರೆಯುತ್ತಿದ್ದೀರಿ? ರಾಜಕೀಯ ವರದಿಯೆಂದರೆ ಯಾರು ಗೆದ್ದರು, ಯಾರು ಮುನಿದರು, ಯಾರು ಯಾರ ಮನೆಯಲ್ಲಿ ಊಟ ಮಾಡಿದರು ಎಂಬ ಪಂದ್ಯದ ವೀಕ್ಷಕ ವಿವರಣೆಯಾಗಿಬಿಟ್ಟಿದೆ. ಪ್ರಶ್ನೆ ಕೇಳಿದ ಹೆಂಗಸು ನಿಮ್ಮ ಕಣ್ಣಿಗೆ ಕಾಣಬೇಕಾದರೆ ಅವಳ ಬೆನ್ನ ಮೇಲೆ ಒಂದು ತಂಡದ ಚೀಟಿ ಇರಲೇಬೇಕು. ಇಲ್ಲವೆಂದರೆ ನೀವೇ ಅಂಟಿಸುತ್ತೀರಿ.

ನನ್ನನ್ನು ಹೆಚ್ಚು ಕೊರೆಯುತ್ತಿರುವುದು ಬೇರೆಯದೇ. ನೀವು ಹೊಸದಾಗಿ ಕೆಲಸಕ್ಕೆ ಸೇರಿದಾಗ ಡೆಸ್ಕಿನಲ್ಲಿ ನನ್ನ ಎದುರಿನ ಕುರ್ಚಿ ನಿಮ್ಮದು. ಮೊದಲ ವಾರವೇ ನೀವು ನನ್ನ ಜೊತೆ ಜಗಳಕ್ಕೆ ಬಿದ್ದದ್ದು ಇದೇ ಪದಕ್ಕೆ. ನಾನು ತಿದ್ದಿದ ಪುಟ ಹಿಡಿದುಕೊಂಡು ಬಂದು, “ಎನ್ನಲಾಗಿದೆ ಅಂದ್ರೆ ಯಾರು ಅಂದಿದ್ದು ಸಾರ್? ಗಾಳೀನಾ?” ಎಂದಿರಿ. ಹೌದು, ಅದನ್ನು ಹಾಕಿದವನು ನಾನು. ಖಾತ್ರಿಯಿಲ್ಲದ್ದನ್ನೆಲ್ಲ ಅದರಡಿ ತಳ್ಳುವುದು ನನ್ನ ಕೆಟ್ಟ ಚಾಳಿಯಾಗಿತ್ತು. “ಪುಟ ಅಚ್ಚಿಗೆ ಹೋಗೋ ಹೊತ್ತಲ್ಲಿ ವ್ಯಾಕರಣ ಹೇಳಬೇಡ, ಕೂತ್ಕೊ” ಎಂದು ಗದರಿದೆ. ನೀವು ಕೂರಲಿಲ್ಲ. ಹೇಳಿದವರಿಗೆ ಫೋನ್ ಮಾಡಿ, ಹೆಸರು ಹಾಕಿಸಿಯೇ ಪುಟ ಬಿಟ್ಟಿರಿ. ಅವತ್ತು ಸಿಟ್ಟು ಬಂದಿತ್ತು, ನಿಜ. ಆಮೇಲೆ ನಾಚಿಕೆಯಾಯಿತು. ಆ ಪದವನ್ನು ನಾನು ಬಿಟ್ಟದ್ದು ನಿಮ್ಮಿಂದ. ನಿವೃತ್ತಿಯ ದಿನ ಇಷ್ಟನ್ನೂ ಎಲ್ಲರೆದುರು ಹೇಳಿ, “ಇವನು ಸಂಪಾದಕನಾದ ದಿನ ಈ ಪತ್ರಿಕೆ ಉಳೀತು ಅಂತ ತಿಳ್ಕೊಳ್ಳಿ” ಎಂದೆ. ನೀವು ಸಂಪಾದಕರಾದಿರಿ. ನನ್ನಿಂದ ನೀವು ಕಲಿತದ್ದು, ನಾನು ಬಿಟ್ಟದ್ದನ್ನೇ ಎಂದು ಈಗ ಗೊತ್ತಾಯಿತು. ಹೊಟ್ಟೆ ಉರಿಯುತ್ತದೆ, ಮಾರಾಯರೇ.

ಈ ಪತ್ರವನ್ನು ಮೊದಲು ನಿಮ್ಮ ಓದುಗರ ವಿಭಾಗಕ್ಕೇ ಕಳಿಸಿದ್ದೆ. ‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ’ ಎಂದು ಉತ್ತರ ಬಂತು. ಆದ್ದರಿಂದ ಬೇರೊಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ವಿಷಾದ ವ್ಯಕ್ತಪಡಿಸಬೇಡಿ, ಅದು ನಿಮಗೆ ಅಭ್ಯಾಸವಿಲ್ಲ. ಗುರುವಾರದ ಪತ್ರಿಕೆಯಲ್ಲಿ, ಅದೇ ಮೂರನೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಎರಡು ವಾಕ್ಯ ಹಾಕಿ: ‘ನರ್ಸ್ ಕೇಳಿದ್ದು ಕೆಟ್ಟ ಲಿಫ್ಟ್ ಬಗ್ಗೆ. ಆಕೆ ಪಕ್ಷದ ಕಾರ್ಯಕರ್ತೆ ಎಂದವರು ಸಚಿವರ ಆಪ್ತ ಸಹಾಯಕರು; ನಾವು ಆಕೆಯನ್ನು ವಿಚಾರಿಸಲಿಲ್ಲ.’ ಅಷ್ಟು ಸಾಕು, ಅವಳ ಕೆಲಸ ಉಳಿಯುತ್ತದೆ.

ಹಾಕದಿದ್ದರೆ, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ತಂಗಿಯ ಜೊತೆ ನಾನೂ ವಿಚಾರಣಾ ಸಮಿತಿಯ ಮುಂದೆ ಹೋಗುತ್ತೇನೆ. ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ನಂಬಬೇಡಿ ಎಂದು ನನ್ನ ಕೈಯಾರೆ ಬರೆದು, ಇಪ್ಪತ್ತೆಂಟು ವರ್ಷ ಅಲ್ಲೇ ದುಡಿದವನು ಎಂದು ಕೆಳಗೆ ಸಹಿ ಹಾಕಿ ಕೊಡುತ್ತೇನೆ.

ಇಂತಿ,
ನಿಮ್ಮನ್ನು ಎಲ್ಲರೆದುರು ಹೊಗಳಿ ಕೆಟ್ಟ,
ಒಬ್ಬ ನರ್ಸಿನ ಅಣ್ಣ